ಬೀದಿಯಲ್ಲಿ ನಿಂತ ಕಾರಿಗೆ ಕವರ್ ಹಾಕುವ ಮುನ್ನ

ಕಾರಿಗೆ ಕವರ್ ಹಾಕುವುದು ಅಪರಾಧವೇ ಎಂದು ನನ್ನನ್ನು ಕೇಳುವವರಿಗೆ ಪೊಲೀಸರು ಕಾಟ ಕೊಟ್ಟಿರುವುದು ಕಡಿಮೆ. ‘ನಂಬರ್ ಮುಚ್ಚಿ ಗಾಡಿ ನಿಲ್ಲಿಸುವ ಹಾಗಿಲ್ಲ’ ಎಂದು ಪಕ್ಕದ ಮನೆಯವರೇ ಗದರಿರುತ್ತಾರೆ. ನಾನು ವಕೀಲನಲ್ಲ, ಕಾನೂನು ಪುಸ್ತಕಗಳ ಕರಡಚ್ಚು ತಿದ್ದುವವನು. ಆದರೆ ಶೆಡ್ಡಿಲ್ಲದ ಹಳೆಯ ಕಾರೊಂದು ನನಗೂ ಇದೆ. ಹಾಗಾಗಿ ವಾಹನ ಕಾಯ್ದೆಯ ಪುಟ ಮೇಜಿಗೆ ಬಂದಾಗಲೆಲ್ಲ ಅಚ್ಚಿನ ತಪ್ಪಿನ ಜೊತೆಗೆ ಸ್ವಂತದ ಉಪಯೋಗವನ್ನೂ ಹುಡುಕಿಕೊಂಡಿದ್ದೇನೆ.

ಬಟ್ಟೆಯ ಮೇಲೆ ಕಾನೂನಿಗೆ ಹಗೆಯೇನೂ ಕಾಣಲಿಲ್ಲ. ಅದು ಕೇಳುವುದು ಇಷ್ಟೇ: ಈ ಗಾಡಿ ಯಾರದು, ಕತ್ತಲಲ್ಲಿ ಕಾಣುತ್ತದೆಯೇ, ಯಾರಾದರೂ ಬಿಟ್ಟುಹೋದದ್ದೇ? ಕವರ್ ಹಾಕಿದ ಕೂಡಲೇ ಈ ಮೂರಕ್ಕೂ ಉತ್ತರ ಮರೆಯಾಗುತ್ತದೆ. ತಕರಾರು ಹುಟ್ಟುವುದೇ ಅಲ್ಲಿ.

ಮೊದಲು ನಂಬರ್ ಪ್ಲೇಟ್. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯ 5201ನೇ ಕಲಂ ಈ ವಿಷಯದಲ್ಲಿ ನಾನು ಕಂಡ ಅತ್ಯಂತ ಸ್ಪಷ್ಟ ಬರಹ. ನಂಬರ್ ಪ್ಲೇಟಿನ ಮೇಲೆ ಯಾವ ಮುಚ್ಚಿಗೆಯೂ ಇರಬಾರದು ಎಂದು ಹೇಳಿ, ಕ್ರಮಬದ್ಧವಾಗಿ ನಿಂತ ವಾಹನಕ್ಕೆ ಬಿಸಿಲು ಮಳೆಯಿಂದ ರಕ್ಷಣೆಗಾಗಿ ಕವರ್ ಹಾಕಿದರೆ ಅದು ಉಲ್ಲಂಘನೆಯಲ್ಲ ಎಂದು ಅದೇ ಕಲಂ ವಿನಾಯಿತಿ ಕೊಡುತ್ತದೆ. ಜೊತೆಗೆ, ನಂಬರನ್ನು ನೋಡಲು ಎಷ್ಟು ಬೇಕೋ ಅಷ್ಟು ಭಾಗವನ್ನು ಪೊಲೀಸರೋ ಪಾರ್ಕಿಂಗ್ ಸಿಬ್ಬಂದಿಯೋ ತಾತ್ಕಾಲಿಕವಾಗಿ ಸರಿಸಬಹುದು. ಬ್ರಿಟನ್ನಿನ ಧೋರಣೆ ಬಿಗಿ. ಅಲ್ಲಿನ 1994ರ ವಾಹನ ತೆರಿಗೆ ಮತ್ತು ನೋಂದಣಿ ಕಾಯ್ದೆಯ 43ನೇ ಕಲಂ ಪ್ರಕಾರ ನೋಂದಣಿ ಸಂಖ್ಯೆ ಮರೆಯಾಗಿದ್ದರೆ, ಗಾಡಿ ಓಡುತ್ತಿದ್ದಾಗ ಚಾಲಕ ಹೊಣೆ. ಓಡದೆ ನಿಂತಿದ್ದಾಗ ಅದನ್ನು ಇಟ್ಟುಕೊಂಡವನು ಹೊಣೆ. ಭಾರತದ 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಂ ನೋಂದಣಿ ಸಂಖ್ಯೆಯ ಪ್ರದರ್ಶನವನ್ನು ವಾಹನ ಓಡಿಸುವುದಕ್ಕೆ ತಳುಕು ಹಾಕುತ್ತದೆ. ನಿಲ್ಲಿಸಿ ಬಟ್ಟೆ ಹೊದಿಸಿದ ಮಾತ್ರಕ್ಕೆ ಆ ಕಲಂ ಮುರಿದಂತಾಯಿತು ಎಂದು ನನಗೆ ಅನಿಸುವುದಿಲ್ಲ. ಆದರೆ ಇದೇ ವಾದವನ್ನು ಟೋಯಿಂಗ್ ಸಿಬ್ಬಂದಿಯ ಎದುರು ರಸ್ತೆಯಲ್ಲಿ ನಿಂತು ಮಂಡಿಸಲು ಹೋಗಬೇಡಿ.

ಅದಕ್ಕಿಂತ ದರ್ಜಿಯ ಬಳಿ ಹೋಗುವುದು ಸಲೀಸು. ನಂಬರ್ ಪ್ಲೇಟ್ ಬರುವ ಜಾಗದಲ್ಲಿ, ಹಿಂದೆಯೂ ಮುಂದೆಯೂ, ಪ್ಲೇಟಿಗಿಂತ ನಾಲ್ಕು ಬೆರಳು ಅಗಲವಾಗಿ ಬಟ್ಟೆ ಕತ್ತರಿಸಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊಲಿಸಿ. ಕವರನ್ನು ಕಾರಿನ ಮೇಲೆ ಹಾಕಿ, ಎಳೆದು ಕಟ್ಟಿದ ಮೇಲೆಯೇ ಜಾಗ ಗುರುತು ಹಾಕಿಕೊಳ್ಳಬೇಕು. ಸಡಿಲವಾಗಿದ್ದಾಗ ಗುರುತು ಮಾಡಿದರೆ, ಪಟ್ಟಿ ಬಿಗಿದ ಮೇಲೆ ಕಿಟಕಿ ಒಂದು ಗೇಣು ಕೆಳಗೆ ಸರಿದು ಬಂಪರನ್ನು ತೋರಿಸುತ್ತದೆ. ಬಿಸಿಲಿಗೆ ಈ ಹಾಳೆ ಮೊದಲು ಹಳದಿಯಾಗಿ, ಆಮೇಲೆ ಹಾಲಿನ ಕೆನೆಯ ಹಾಗೆ ಮಬ್ಬಾಗುತ್ತದೆ. ಕೆಲವು ಹೆಜ್ಜೆ ಹಿಂದೆ ನಿಂತು ಅಂಕಿಗಳು ಓದಲು ಬರುತ್ತವೆಯೇ ಎಂದು ಆಗಾಗ ನೋಡಿ, ಬಾರದಿದ್ದರೆ ಹಾಳೆ ಬದಲಿಸಿ. ನಂಬರನ್ನು ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದುಬಿಡುತ್ತೇನೆ ಎನ್ನುವವರೂ ಉಂಟು. ನೋಡುವವರಿಗೆ ಅನುಕೂಲ, ನಿಜ. ಆದರೆ ಅದು ಅಧಿಕೃತ ಪ್ಲೇಟಿಗೆ ಬದಲಿ ಆಗಲಾರದು.

ಗಾಜಿನ ಒಳಗೆ ಇಡಬೇಕಾದ ಪಾರ್ಕಿಂಗ್ ಪರವಾನಗಿ, ಶುಲ್ಕದ ಚೀಟಿ, ಅಂಗವಿಕಲರ ಬ್ಯಾಡ್ಜ್ ಇದ್ದರೆ ಕವರ್ ಹಾಕುವ ಯೋಚನೆಯನ್ನೇ ಅಲ್ಲಿ ಕೈಬಿಡಿ. ಅವು ಹೊರಗಿನಿಂದ ಕಾಣಬೇಕು ಎಂಬುದೇ ಷರತ್ತು.

ರಾತ್ರಿಯ ವಿಷಯವನ್ನು ಜನ ಮರೆಯುತ್ತಾರೆ. ಬೂದು ಬಣ್ಣದ ಕವರ್ ಹಿಂಬದಿಯ ಕೆಂಪು ಪ್ರತಿಫಲಕಗಳನ್ನು ಪೂರ್ತಿ ನುಂಗಿಬಿಡುತ್ತದೆ. ಹಿಂದಿನಿಂದ ಬರುವ ವಾಹನದ ಬೆಳಕು ಬಿದ್ದರೂ ಏನೂ ಹೊಳೆಯುವುದಿಲ್ಲ. ಬ್ರಿಟನ್ನಿನ ಹೆದ್ದಾರಿ ಸಂಹಿತೆಯ 249ನೇ ನಿಯಮದಂತೆ ಗಂಟೆಗೆ 30 ಮೈಲಿಗಿಂತ ಹೆಚ್ಚಿನ ವೇಗಮಿತಿಯ ರಸ್ತೆಯಲ್ಲಿ ರಾತ್ರಿ ನಿಂತ ವಾಹನದ ಪಾರ್ಕಿಂಗ್ ದೀಪ ಉರಿಯುತ್ತಿರಬೇಕು. ಬಟ್ಟೆಯೊಳಗೆ ದೀಪ ಹಚ್ಚಿ ಏನು ಪ್ರಯೋಜನ? ದೀಪ ಕಡ್ಡಾಯವಿರುವ ಕಡೆ ಕವರ್ ಸಲ್ಲದು. ಬೀದಿದೀಪವಿರುವ ನಿಧಾನಗತಿಯ ರಸ್ತೆಯಲ್ಲಾದರೆ ಹಿಂದಿನ ಎರಡು ಮೂಲೆಗೆ ಕೆಂಪು, ಮುಂದಿನ ಎರಡಕ್ಕೆ ಬಿಳಿ ಪ್ರತಿಫಲನ ಪಟ್ಟಿ ಹೊಲಿಸಿ. ಅಂಟಿಸಿದ್ದು ಮೊದಲ ಮಳೆಗೇ ಕಿತ್ತುಬರುತ್ತದೆ. ಕಟ್ಟುವ ಹಗ್ಗದ ತುದಿ ರಸ್ತೆಯ ಮೇಲೆ ಹರಡಿಕೊಂಡಿರಬಾರದು. ಭಾರತದ ಕಾಯ್ದೆಯ 122ನೇ ಕಲಂ ವಾಹನ ನಿಂತ ಜಾಗವನ್ನಷ್ಟೇ ಅಲ್ಲ, ನಿಂತ ಸ್ಥಿತಿಯನ್ನೂ ನೋಡುತ್ತದೆ. ಅಪಾಯ ಅಥವಾ ಅಡಚಣೆ ಆಗುವಂತಿದ್ದರೆ ತಪ್ಪು ನಿಮ್ಮದೇ.

ದೊಡ್ಡ ಅಪಾಯ ಮೂರನೆಯದು: ವಾರಸುದಾರರಿಲ್ಲದ ವಾಹನ ಎಂಬ ಹಣೆಪಟ್ಟಿ. ಭಾರತದಲ್ಲಿ ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಯಾರೂ ನೋಡಿಕೊಳ್ಳದೆ ನಿಂತ ವಾಹನವನ್ನು ಎಳೆದೊಯ್ಯಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮತಿ ಕೊಡಬಹುದು, ಎಳೆದ ಖರ್ಚೂ ಮಾಲೀಕನದೇ; ಇದು 127ನೇ ಕಲಂ. ಅಕ್ಷರಶಃ ಓದಿದರೆ ರಾತ್ರಿ ನಿಲ್ಲಿಸಿ ಬೆಳಗ್ಗೆ ತಡವಾಗಿ ಎದ್ದವನ ಗಾಡಿಯೂ ಸಿಕ್ಕಿಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸ್ಥಳೀಯ ನಿಯಮವಿದ್ದರೆ ಸತತ 72 ಗಂಟೆ ಮೀರಿದ ಗಾಡಿಯನ್ನು ತೆಗೆಸಬಹುದು. ಕವರ್ ಹಾಕಿದರೆ ಈ ಗಡಿಯಾರ ನಿಲ್ಲುವುದಿಲ್ಲ. ಕವರಿನ ಮೇಲೆ ಎಲೆ, ಧೂಳು, ಹಕ್ಕಿಯ ಹಿಕ್ಕೆ ಕೂತಿದ್ದು ಚಕ್ರದ ಗಾಳಿಯೂ ಇಳಿದಿದ್ದರೆ ದೂರು ಕೊಡುವವನಿಗೆ ಬೇರೆ ಸಾಕ್ಷಿ ಬೇಡ. ಕವರ್ ಕೊಡವಿ, ಗಾಡಿಯನ್ನು ನಿಯಮಕ್ಕೆ ಸರಿಯಾಗಿ ಓಡಿಸಿ, ವಾರಗಟ್ಟಲೆ ಊರು ಬಿಡುವುದಾದರೆ ಕೀಲಿಯನ್ನು ನಂಬಿಕಸ್ಥರ ಕೈಯಲ್ಲಿ ಕೊಡಿ. ವಿಮೆ, ತೆರಿಗೆ ಬಾಕಿ ಇದ್ದ ಗಾಡಿಯನ್ನು ಬಟ್ಟೆಯಡಿ ಬಚ್ಚಿಡಬಹುದು ಎಂದುಕೊಂಡವರಿಗೆ ಒಂದು ಮಾತು: ಬ್ರಿಟನ್ 2014ರಲ್ಲೇ ಗಾಜಿಗೆ ಅಂಟಿಸುವ ತೆರಿಗೆ ಬಿಲ್ಲೆಯನ್ನು ರದ್ದು ಮಾಡಿತು. ಈಗ ಎಲ್ಲವೂ ಕಂಪ್ಯೂಟರಿನಲ್ಲಿದೆ.

ಕವರ್ ಎತ್ತಿ ನೋಡುವ ಹಕ್ಕು ಯಾರಿಗಿದೆ? ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 2018ರಲ್ಲಿ ಕಾಲಿನ್ಸ್ ವಿರುದ್ಧ ವರ್ಜೀನಿಯಾ ಎಂಬ ಪ್ರಕರಣ ತೀರ್ಮಾನವಾಯಿತು. ಮನೆಯ ಪಕ್ಕದ ದಾರಿಯಲ್ಲಿ ತಾಡಪಾಲು ಹೊದಿಸಿ ನಿಲ್ಲಿಸಿದ್ದ ಮೋಟಾರು ಸೈಕಲ್ಲಿನ ಹೊದಿಕೆಯನ್ನು ಪೊಲೀಸ್ ಅಧಿಕಾರಿ ವಾರಂಟ್ ಇಲ್ಲದೆ ಎತ್ತಿ ನಂಬರ್ ನೋಡಿದ್ದರು. ಮನೆಯಂಗಳಕ್ಕೆ ಹಾಗೆ ನುಗ್ಗಲು ವಾಹನವೆಂಬ ನೆಪ ಸಾಲದು ಎಂದಿತು ನ್ಯಾಯಾಲಯ. ತೀರ್ಪು ನಿಂತಿರುವುದು ಜಾಗದ ಮೇಲೆ. ಬೀದಿಗೆ ಅಂಗಳದ ರಕ್ಷಣೆ ಇಲ್ಲ, ಆದ್ದರಿಂದ ಸಿಬ್ಬಂದಿ ಬಂದು ನಂಬರ್ ನೋಡಬೇಕೆಂದರೆ ನೀವೇ ಎತ್ತಿ ತೋರಿಸಿ. ನೆರೆಯವರಿಗಾದರೋ ಆ ಅಧಿಕಾರವಿಲ್ಲ.

ನಿಮ್ಮ ಊರಿನ ಉಪನಿಯಮಗಳಲ್ಲಿ ‘ಕಾರ್ ಕವರ್’ ಎಂದು ಹುಡುಕಿದರೆ ಬಹುಶಃ ಏನೂ ಸಿಗುವುದಿಲ್ಲ. ನೋಂದಣಿ ಸಂಖ್ಯೆಯ ಪ್ರದರ್ಶನ, ರಾತ್ರಿ ನಿಲುಗಡೆ, ವಾರಸುದಾರರಿಲ್ಲದ ವಾಹನ ಎಂಬ ತಲೆಬರಹಗಳನ್ನು ಹುಡುಕಿ. ಗೊಂದಲವಿದ್ದರೆ ಸಂಚಾರ ವಿಭಾಗಕ್ಕೆ ಲಿಖಿತವಾಗಿ ಕೇಳಿ. ಬಾಯಿಮಾತಿನ ಒಪ್ಪಿಗೆ ದಂಡದ ಚೀಟಿ ಬಂದ ದಿನ ನೆರವಿಗೆ ಬರುವುದಿಲ್ಲ.

ಇನ್ನು ಕವರೇ ಕಳುವಾದರೆ ದೂರು ಕೊಡಲು ಸಂಕೋಚ ಬೇಡ. ಭಾರತೀಯ ನ್ಯಾಯ ಸಂಹಿತೆಯಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವಿಗೂ ಶಿಕ್ಷೆ ಇದೆ: ಮೊದಲ ಸಲ ಸಿಕ್ಕಿಬಿದ್ದವನು ಮಾಲನ್ನು ಹಿಂದಿರುಗಿಸಿದರೆ ಸಮುದಾಯ ಸೇವೆ ಮಾಡಬೇಕು. ಸಿಕ್ಕ ಕವರ್ ನಿಮ್ಮದೇ ಎಂದು ತೋರಿಸಲು ಬಿಲ್ ಇಟ್ಟುಕೊಳ್ಳಿ, ಒಳಅಂಚಿನ ಮಡಿಕೆಯಲ್ಲಿ ಅಳಿಸದ ಶಾಯಿಯಿಂದ ಗಾಡಿಯ ನಂಬರ್ ಬರೆದಿಡಿ.