ಹೊಸಬರಿಗೆ ಮಾರ್ಗದರ್ಶಿ: ದೂರದ ವಿಮಾನ ಪ್ರಯಾಣದ ಲೆಕ್ಕ

ಊರಿನಿಂದ ಅಪ್ಪ-ಅಮ್ಮ ನಮ್ಮಲ್ಲಿಗೆ ಹೊರಡುವ ದಿನ ಗೊತ್ತಾದ ಕೂಡಲೇ ನಾವೆಲ್ಲ ಕೇಳುವುದು ಒಂದೇ: ಎಷ್ಟು ಕಿಲೋಮೀಟರ್? ದೂರ ತಿಳಿದರೆ ಹೊತ್ತು ತಿಳಿಯಿತು ಎಂಬುದು ಬಸ್ಸಿನ ಲೆಕ್ಕ. ವಿಮಾನಕ್ಕೆ ಅದು ಅರ್ಧ ಮಾತ್ರ ಹೊಂದುತ್ತದೆ.

ದೂರ

ಗಣಕದಲ್ಲಿ ಸಿಗುವ ಅಂಕಿ ಭೂಗೋಳದ ಮೇಲಿನ ಅತಿ ಹತ್ತಿರದ ದಾರಿಯದು. ನ್ಯೂಯಾರ್ಕ್–ಸಿಂಗಪುರ ಸುಮಾರು 15,300 ಕಿ.ಮೀ. ಗಂಟೆಗೆ 900 ಕಿ.ಮೀ. ಎಂದರೆ 17 ಗಂಟೆ ಬರುತ್ತದೆ. ತಡೆರಹಿತ ವಿಮಾನಕ್ಕೆ ಹಿಡಿಯುವುದು 18 ಗಂಟೆಗೂ ಹೆಚ್ಚು. ಏರುವುದು, ಇಳಿಯುವುದು, ರನ್‌ವೇಗೆ ಸರದಿ ಕಾಯುವುದು ಎಲ್ಲವೂ ಟಿಕೆಟ್ಟಿನ ಅವಧಿಯೊಳಗೇ ಸೇರಿರುತ್ತವೆ. ಹತ್ತಿರದ ದಾರಿ ತೆರೆದಿರಬೇಕು ಎಂಬುದೂ ಇದೆ. 2022ರಲ್ಲಿ ರಷ್ಯಾದ ವಾಯುಪ್ರದೇಶ ಮುಚ್ಚಿದ ಮೇಲೆ ಹೆಲ್ಸಿಂಕಿ–ಟೋಕಿಯೊ ಹಾರಾಟ ಒಂಬತ್ತೂವರೆಯಿಂದ ಸುಮಾರು 13 ಗಂಟೆಗೆ ಹಿಗ್ಗಿತು. ಊರುಗಳು ಇದ್ದಲ್ಲೇ ಇವೆ.

ಗಾಳಿ

ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ನ್ಯೂಯಾರ್ಕ್‌ನಿಂದ ಲಂಡನ್‌ಗೆ ಹೋಗುವುದಕ್ಕಿಂತ ಮರಳುವುದಕ್ಕೆ ಸುಮಾರು ಒಂದು ಗಂಟೆ ಹೆಚ್ಚು ಬೇಕು.

ಗಡಿಯಾರ

ದಯವಿಟ್ಟು ಇದನ್ನು ಎರಡು ಸಲ ಓದಿ. ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಒಂದರಿಂದ ಇನ್ನೊಂದನ್ನು ಹಾಗೆಯೇ ಕಳೆಯಬೇಡಿ. ಬೇಸಿಗೆಯಲ್ಲಿ ಟೋಕಿಯೊದಿಂದ ಸಂಜೆ 5ಕ್ಕೆ ಹೊರಟು ಒಂಬತ್ತೂವರೆ ಗಂಟೆ ಹಾರಿದವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುವುದು ಅದೇ ದಿನ ಬೆಳಿಗ್ಗೆ 10.30ಕ್ಕೆ! ಅಲ್ಲಿನ ಗಡಿಯಾರ 16 ಗಂಟೆ ಹಿಂದೆ, ಚಳಿಗಾಲದಲ್ಲಿ 17. ತಲುಪುವ ಸಮಯದ ಪಕ್ಕದಲ್ಲಿ ಸಣ್ಣದಾಗಿ +1 ಎಂದಿದ್ದರೆ ಮರುದಿನ, +2 ಎಂದಿದ್ದರೆ ಅದರ ಮರುದಿನ. ಈ ಪುಟ್ಟ ಅಂಕಿಯನ್ನು ನೋಡದೆ ಒಂದು ದಿನ ಮೊದಲೇ ಕಾರು ತರಿಸುವವರು ಪ್ರತಿವರ್ಷ ಇದ್ದೇ ಇರುತ್ತಾರೆ. ವಿಮಾನ ನಿಲ್ದಾಣದಿಂದ ಕರೆತರುವ ನಮ್ಮ ಸಂಘದ ಸ್ವಯಂಸೇವಕರು ನಡುರಾತ್ರಿಯಾದರೂ ಗೊಣಗದೆ ಬರುವವರು, ಆ ಹೆಮ್ಮೆ ಸಂಘಕ್ಕಿದೆ. ತಾರೀಖನ್ನಾದರೂ ಸರಿಯಾಗಿ ಹೇಳಬಾರದೇ?

ನಡುವಿನ ನಿಲ್ದಾಣ

ಒಟ್ಟು ಪ್ರಯಾಣವನ್ನು ಹಿಗ್ಗಿಸುವುದು ಹಾರಾಟಕ್ಕಿಂತ ಹೆಚ್ಚಾಗಿ ಇದೇ. ಒಂದೇ ಟಿಕೆಟ್ಟಿನಲ್ಲಿ ಎರಡೂ ವಿಮಾನಗಳಿದ್ದು, ಮೊದಲನೆಯದು ತಡವಾದರೆ ಮುಂದಿನ ದಾರಿ ತೋರಿಸುವುದು ಸಾಮಾನ್ಯವಾಗಿ ವಿಮಾನ ಸಂಸ್ಥೆಯ ಹೊಣೆ. ಅಗ್ಗವೆಂದು ಬೇರೆ ಬೇರೆ ಟಿಕೆಟ್ ಕೊಂಡರೆ ಹೊಣೆಯೆಲ್ಲ ನಿಮ್ಮದು. ಸಾಮಾನು ತೆಗೆದು ಮತ್ತೆ ಒಪ್ಪಿಸಬೇಕಾಗಬಹುದು, ಅದಕ್ಕಾಗಿ ಆ ದೇಶದ ವೀಸಾವೂ ಬೇಕಾಗಬಹುದು. ಇಂಗ್ಲಿಷ್ ಬಾರದ ಹಿರಿಯರನ್ನು ಒಂದು ಗಂಟೆಯ ಬಿಡುವಿನಲ್ಲಿ ಟರ್ಮಿನಲ್ ಬದಲಿಸಲು ಓಡಿಸುವುದು ಉಳಿತಾಯವಲ್ಲ, ನಿರ್ದಯೆ. ಮೂರು ಗಂಟೆಯಾದರೂ ಇರಲಿ. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಕೊಳ್ಳುವಾಗಲೇ ಕೇಳಿ.

ಕರೆತರಲು ನಮಗೆ ಹೇಳುವಾಗ

ವಿಮಾನದ ಸಂಖ್ಯೆ
ಇಳಿಯುವ ತಾರೀಖು, ಇಲ್ಲಿನ ಸಮಯ
ಟರ್ಮಿನಲ್
ಪೆಟ್ಟಿಗೆಗಳೆಷ್ಟು

ಇಳಿದ ಮೇಲೆ ವಲಸೆ ತಪಾಸಣೆ, ಸಾಮಾನು ಎಂದು ಇನ್ನೂ ಒಂದೆರಡು ಗಂಟೆ ಹಿಡಿಯುತ್ತದೆ. ಅಷ್ಟರೊಳಗೆ ಹತ್ತು ಸಲ ಕರೆ ಮಾಡಬೇಡಿ. ಹೊರಗೆ ಬಂದ ಕೂಡಲೇ ಅಪ್ಪ-ಅಮ್ಮನೇ ಮಾಡುತ್ತಾರೆ.