ಏನೂ ತೊಂದರೆ ಇಲ್ಲದಾಗ ಲೇಡಿ ಡಾಕ್ಟರ್ ಹತ್ತಿರ ಹೋಗುವುದು ಹೇಗೆ, ಎಷ್ಟು ದಿನಕ್ಕೊಮ್ಮೆ?

ನಮ್ಮ ಚಿಕ್ಕಮ್ಮ ಕೊನೆಯ ಸಲ ಸ್ತ್ರೀರೋಗ ತಜ್ಞೆಯನ್ನು ಕಂಡಿದ್ದು ಕಿರಿ ಮಗನ ಹೆರಿಗೆಯಾದ ಮೇಲೆ, ಹೊಲಿಗೆ ಬಿಚ್ಚಿಸಲು. ಆ ಮಗನಿಗೆ ಈಗ 24. ‘ಆರಾಮಾಗಿದ್ದೀನಲ್ಲ, ಯಾಕೆ ಹೋಗ್ಲಿ? ಹೋದ್ರೆ ಗರ್ಭಕೋಶ ತೆಗೆಸಿ ಅಂತಾರೆ’ ಅನ್ನುವುದು ಅವರ ವಾದ. ಎರಡನೇ ಮಾತನ್ನು ನಾನು ತಳ್ಳಿಹಾಕಲಾರೆ. ಬಿಳಿಸೆರಗು ಅಂತ ಹೋಗಿ ಗರ್ಭಕೋಶ ತೆಗೆಸಿಕೊಂಡು ಬಂದವರು ನಮ್ಮ ಬಳಗದಲ್ಲೇ ಇದ್ದಾರೆ. ಮೊದಲನೇ ಮಾತು ಮಾತ್ರ ತಪ್ಪು. ಗರ್ಭಕೋಶದ ಕೊರಳಿನ ಕ್ಯಾನ್ಸರ್ ನೋವು ಕೊಡುವ ಹೊತ್ತಿಗೆ ಬಹಳ ಮುಂದೆ ಹೋಗಿರುತ್ತದೆ. ಆದರೆ ಅದಕ್ಕೆ ಕಾರಣವಾದ ಎಚ್‌ಪಿವಿ ವೈರಸ್ ಮೈ ಸೇರಿ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ 15–20 ವರ್ಷ ಬೇಕು. ಇಷ್ಟು ನಿಧಾನಕ್ಕೆ ಬರುವ ಕಾಯಿಲೆಯನ್ನು ದಾರಿಯಲ್ಲೇ ತಡೆಯಬಹುದು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನ ಹೆಂಗಸರ ಪೈಕಿ ಒಮ್ಮೆಯಾದರೂ ಈ ಕ್ಯಾನ್ಸರ್‌ನ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ.

ಮೊದಲು ನಿಮ್ಮ ಲೆಕ್ಕ ಹಾಕಿಕೊಳ್ಳಿ

‘ವರ್ಷಕ್ಕೊಮ್ಮೆ ಎಲ್ಲ ಚೆಕ್ ಮಾಡಿಸಬೇಕು’ ಅನ್ನುವುದು ಅರ್ಧ ಸತ್ಯ. ವರ್ಷಕ್ಕೊಮ್ಮೆ ಬೇಕಾದದ್ದು ಮಾತು: ಮುಟ್ಟು ಹೇಗಿದೆ, ಮಕ್ಕಳು ಬೇಕೋ ಬೇಡವೋ, ಕೆಮ್ಮಿದರೆ ಮೂತ್ರ ಸೋರುತ್ತದೆಯೇ ಇತ್ಯಾದಿ. ಜೊತೆಗೆ ಬಿಪಿ, ತೂಕ, ಹಿಮೋಗ್ಲೋಬಿನ್. ಬಸುರಿಯಲ್ಲದ ಹೆಣ್ಣಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಒಳಪರೀಕ್ಷೆ ಪ್ರತಿ ವರ್ಷ ಆಗಲೇಬೇಕು ಅಂತೇನಿಲ್ಲ.

ಗರ್ಭಕೋಶದ ಕೊರಳಿನ ತಪಾಸಣೆಗೆ ಬೇರೆಯದೇ ಲೆಕ್ಕ. ನಮ್ಮ ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ವಿಐಎ ಪರೀಕ್ಷೆ (ಕೊರಳಿಗೆ ಅಸಿಟಿಕ್ ಆಮ್ಲ ಸವರಿ ಕಣ್ಣಲ್ಲೇ ನೋಡುವುದು) ಇದೆ. ಪ್ಯಾಪ್ ಸ್ಮಿಯರ್ (ಕೊರಳಿನ ಕೋಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮಾಡಿಸುವವರು ಮೂರು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು. ಆ ವೈರಸ್ ಇದೆಯೇ ಅಂತ ನೋಡುವ ಎಚ್‌ಪಿವಿ ಡಿಎನ್‌ಎ ಪರೀಕ್ಷೆ ನೆಗೆಟಿವ್ ಬಂದರೆ 5ರಿಂದ 10 ವರ್ಷ ಬಿಟ್ಟು ಮತ್ತೆ ಮಾಡಿಸಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಚ್‌ಐವಿ ಇರುವವರು ಮಾತ್ರ 25ಕ್ಕೇ ಶುರುಮಾಡಿ, 3–5 ವರ್ಷಕ್ಕೊಮ್ಮೆ ಮಾಡಿಸಬೇಕು. ಲಸಿಕೆ ಹಾಕಿಸಿಕೊಂಡವರಿಗೂ ಇದರಿಂದ ವಿನಾಯಿತಿ ಇಲ್ಲ. ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿಸಲು ಒಳ್ಳೆಯ ವಯಸ್ಸು 9ರಿಂದ 14.

ಗರ್ಭಕೋಶ ತೆಗೆಸಿಕೊಂಡವರು ಹಳೆಯ ಡಿಸ್ಚಾರ್ಜ್ ಚೀಟಿ ಹುಡುಕಿ. ಕೊರಳನ್ನೂ ತೆಗೆದಿದ್ದರೆ, ಮತ್ತು ತೆಗೆದದ್ದು ಕ್ಯಾನ್ಸರ್ ಅಥವಾ ಅದರ ಮುನ್ಸೂಚನೆಗೆ ಅಲ್ಲದಿದ್ದರೆ, ಪ್ಯಾಪ್ ಬೇಡ. ಕೊರಳು ಉಳಿಸಿದ್ದರೆ ನಿಮಗೂ ಅದೇ ಲೆಕ್ಕ.

ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಸಂಭೋಗದ ನಂತರ ರಕ್ತ ಹೋದರೂ, ಈ ಯಾವ ಲೆಕ್ಕವನ್ನೂ ನೋಡುತ್ತಾ ಕೂರಬೇಡಿ. ಆ ವಾರವೇ ಹೋಗಿ.

ಮಾರ್ಚ್ 8ರ ಮಹಿಳಾ ದಿನ ಹತ್ತಿರ ಬಂತೆಂದರೆ ಲ್ಯಾಬುಗಳ ಪ್ಯಾಕೇಜುಗಳು ವಾಟ್ಸ್‌ಆ್ಯಪ್ ತುಂಬಾ ಓಡಾಡುತ್ತವೆ. ಅದರಲ್ಲಿ ಸಿಎ-125 (ಅಂಡಾಶಯದ ಕ್ಯಾನ್ಸರ್‌ಗೆಂದು ಮಾಡುವ ರಕ್ತಪರೀಕ್ಷೆ) ಅಂತ ಇದ್ದರೆ, ಏನೂ ತೊಂದರೆ ಇಲ್ಲದವರು ಅದನ್ನು ಬಿಟ್ಟುಬಿಡಿ. ಗರ್ಭಕೋಶದ ಗೆಡ್ಡೆಗೂ ಏರುತ್ತದೆ, ಮುಟ್ಟಿನ ದಿನಗಳಲ್ಲೂ ಏರುತ್ತದೆ. ಸುಮ್ಮನೆ ನಿದ್ದೆ ಕೆಡುತ್ತದೆ.

ದಿನ ಗೊತ್ತುಮಾಡಿ

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಸಣ್ಣ ಸುತ್ತು ಹಾಕುತ್ತೀರಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮುಟ್ಟು ಶುರುವಾದ ದಿನದಿಂದ ಎಣಿಸಿ 10ರಿಂದ 20ನೇ ದಿನದೊಳಗೆ ಪ್ಯಾಪ್‌ಗೆ ಹೋದರೆ ಒಳ್ಳೆಯದು. ಅದಕ್ಕೆ ಮುಂಚಿನ ಎರಡು ದಿನ ಸಂಭೋಗ ಬೇಡ, ಯೋನಿಯೊಳಗೆ ಇಡುವ ಮಾತ್ರೆ, ಮುಲಾಮು ಬೇಡ, ಒಳಗೆ ನೀರು ಹಾಕಿ ತೊಳೆಯುವುದೂ ಬೇಡ.

ಸೀರೆ ಉಟ್ಟು ಹೋಗಿ, ಇಲ್ಲವೇ ಅಗಲದ ಸ್ಕರ್ಟ್. ಚೂಡಿದಾರವಾದರೆ ಪ್ಯಾಂಟ್ ಪೂರ್ತಿ ತೆಗೆಯಬೇಕು. ಮೊದಲ ಸಲ ನಾನು ಅದೇ ತಪ್ಪು ಮಾಡಿ, ಕಾಲಿಗೆ ಬಿಗಿದ ಲೆಗ್ಗಿಂಗ್ಸ್ ಜೊತೆ ಪರದೆಯ ಹಿಂದೆ ಒಂಟಿಕಾಲಲ್ಲಿ ಕುಣಿದಿದ್ದೇನೆ.

ಎಲ್ಲಿಗೆ ಹೋಗುವುದು

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವ ದಿನ ವಿಐಎ ಮಾಡುತ್ತಾರೆ ಅಂತ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಅಲ್ಲಿ ಆಗದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಪ್ಯಾಪ್‌ಗೆ ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬದಂಥ ಸರ್ಕಾರಿ ಆಸ್ಪತ್ರೆಗಳೂ ಇವೆ.

ವಿಐಎ ಅಂದರೆ ಬಡವರ ಪರೀಕ್ಷೆ ಅಂತ ಮೂಗು ಮುರಿಯಬೇಡಿ. ಗೋಬಿ ಮಂಚೂರಿಗೆ ಹಾಕುವ ವಿನೆಗರ್‌ನಲ್ಲಿ ಇರುತ್ತದಲ್ಲ, ಅದೇ ಅಸಿಟಿಕ್ ಆಮ್ಲವನ್ನು 3–5 ಶೇಕಡಾ ಪ್ರಮಾಣದಲ್ಲಿ ಹತ್ತಿಯಿಂದ ಗರ್ಭಕೋಶದ ಕೊರಳಿಗೆ ಸವರಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ಮುಂಬೈನ ಟಾಟಾ ಮೆಮೋರಿಯಲ್‌ನವರು ಹತ್ತನೇ ತರಗತಿ ಓದಿದ ಹೆಂಗಸರಿಗೆ ಈ ಪರೀಕ್ಷೆ ಕಲಿಸಿ, ಕೊಳೆಗೇರಿಗಳಲ್ಲಿ ಎರಡು ವರ್ಷಕ್ಕೊಮ್ಮೆ ಮಾಡಿಸಿದರು. ಸುಮಾರು ಒಂದೂವರೆ ಲಕ್ಷ ಹೆಂಗಸರು ಈ ಅಧ್ಯಯನದಲ್ಲಿದ್ದರು. ಪರೀಕ್ಷೆ ನಡೆದ ಕಡೆ ಈ ಕ್ಯಾನ್ಸರ್‌ನಿಂದಾಗುವ ಸಾವು 31 ಶೇಕಡಾ ಕಡಿಮೆಯಾಗಿತ್ತು. ಮುಟ್ಟು ನಿಂತವರಲ್ಲಿ ಮಾತ್ರ ನೋಡಬೇಕಾದ ಜಾಗ ಒಳಕ್ಕೆ ಸರಿದಿರುತ್ತದೆ. ಚಿಕ್ಕಮ್ಮನ ವಯಸ್ಸಿನವರಿಗೆ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆಯೇ ಸರಿ.

ಒಳಗೆ ಹೋದ ಮೇಲೆ

‘ಮದುವೆ ಆಗಿದೆಯಾ?’ ಅಂತ ಡಾಕ್ಟರ್ ಕೇಳುತ್ತಾರೆ. ಅವರಿಗೆ ತಿಳಿಯಬೇಕಾದದ್ದು ತಾಳಿಯ ವಿಷಯವಲ್ಲ, ಲೈಂಗಿಕ ಸಂಪರ್ಕ ಆಗಿದೆಯೇ ಅನ್ನುವುದು. ಕೇಳುವ ಧೈರ್ಯ ಅವರಿಗಿಲ್ಲದಿದ್ದರೆ ಹೇಳುವ ಧೈರ್ಯ ನೀವೇ ಮಾಡಬೇಕು, ಯಾಕೆಂದರೆ ಯಾವ ಪರೀಕ್ಷೆ ಅನ್ನುವುದು ಅದರ ಮೇಲೆ ನಿಂತಿದೆ. ಜೊತೆಗೆ ಬಂದ ಅಮ್ಮನನ್ನೋ ಅತ್ತೆಯನ್ನೋ ‘ಐದು ನಿಮಿಷ ಹೊರಗಿರಿ’ ಅನ್ನಬಹುದು. ಡಾಕ್ಟರ್ ಗಂಡಸಾದರೆ ನರ್ಸ್ ಇರಲಿ ಅಂತ ಕೇಳುವುದು ನಿಮ್ಮ ಹಕ್ಕು.

ಮೇಜಿನ ಮೇಲೆ ಮಲಗಿ ಮಂಡಿ ಮಡಿಸಿದರೆ, ಕೊಕ್ಕಿನಂಥ ಸ್ಪೆಕ್ಯುಲಮ್ ಒಳಗಿಟ್ಟು ಅಗಲಿಸುತ್ತಾರೆ. ತಣ್ಣಗಿರುತ್ತದೆ, ಒತ್ತಿದ ಹಾಗಾಗುತ್ತದೆ. ಸೊಂಟ ಮೇಲೆತ್ತಿದಷ್ಟೂ ಬಿಗಿಯುತ್ತದೆ. ಬಾಯಿಂದ ಉಸಿರು ಬಿಡುತ್ತಾ ಸೊಂಟವನ್ನು ಮೇಜಿಗೆ ಬಿಡಿ. ಪುಟ್ಟ ಬ್ರಶ್ಶಿನಿಂದ ಕೋಶ ತೆಗೆದುಕೊಳ್ಳುವುದು ಗೊತ್ತಾಗುವಷ್ಟರಲ್ಲಿ ಮುಗಿದಿರುತ್ತದೆ. ತಲೆಯ ಮೇಲಿನ ಫ್ಯಾನಿನ ರೆಕ್ಕೆಗೆ ಅಂಟಿದ ಧೂಳು ನೋಡುತ್ತಾ ನಾನು ಅರವತ್ತರವರೆಗೆ ಎಣಿಸಿದ್ದೆ, ಅಷ್ಟರಲ್ಲಿ ‘ಏಳಮ್ಮಾ’ ಅಂದರು. ನೋವಾದರೆ ನಿಲ್ಲಿಸಿ ಅನ್ನಿ. ಅವತ್ತೊಂದು ದಿನ ಸ್ವಲ್ಪ ಕಲೆ ಕಂಡರೆ ಹೆದರಬೇಕಿಲ್ಲ.

ಎದೆಯನ್ನೂ ನೋಡಿ ಅಂತ ನೀವಾಗಿಯೇ ಕೇಳಿ. ಸರ್ಕಾರದ ತಪಾಸಣೆಯಲ್ಲಿ ಅದೂ ಸೇರಿದೆ, ಆದರೆ ಗಡಿಬಿಡಿಯಲ್ಲಿ ಬಿಟ್ಟುಹೋಗುತ್ತದೆ.

ರಿಪೋರ್ಟ್ ತಂದು ಓದಿಸಿ

ಪ್ಯಾಪ್ ರಿಪೋರ್ಟಿನಲ್ಲಿ ಎನ್‌ಐಎಲ್‌ಎಂ (NILM) ಅಂತ ಬರೆದಿದ್ದರೆ ಕ್ಯಾನ್ಸರ್ ಕಂಡಿಲ್ಲ, ಅದರ ಮುನ್ಸೂಚನೆಯೂ ಕಂಡಿಲ್ಲ ಅಂತ ಅರ್ಥ. ‘ಇನ್‌ಫ್ಲಮೇಟರಿ ಸ್ಮಿಯರ್’ ಅಂದರೆ ಉರಿಯೂತ. ಸೋಂಕಿದ್ದರೆ ಔಷಧಿ ಕೊಡುತ್ತಾರೆ. ಎಚ್‌ಪಿವಿ ಪಾಸಿಟಿವ್ ಅಂದರೆ ಕ್ಯಾನ್ಸರ್ ಬಂತು ಅಂತಲ್ಲ. ಬಹುಪಾಲು ಸೋಂಕು ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ, ಹೋಗದೆ ಉಳಿದರೆ ಕೊರಳನ್ನು ದೊಡ್ಡದಾಗಿ ತೋರಿಸುವ ಕಾಲ್ಪೋಸ್ಕೋಪ್‌ನಲ್ಲಿ ನೋಡುತ್ತಾರೆ. ಬರೀ ಬಿಳಿಸೆರಗು, ಬರೀ ಉರಿಯೂತಕ್ಕೆ ಯಾರಾದರೂ ‘ಗರ್ಭಕೋಶ ತೆಗೆಸಿಬಿಡಿ’ ಅಂದರೆ ಚೀಟಿ ಮಡಿಸಿಟ್ಟುಕೊಂಡು ಇನ್ನೊಬ್ಬ ಡಾಕ್ಟರ್ ಹತ್ತಿರ ಹೋಗಿ.

ಇದಿಷ್ಟನ್ನೂ ಹೇಳಿದ ಮೇಲೆ ಚಿಕ್ಕಮ್ಮ ಕೇಳಿದ್ದು ಒಂದೇ: ‘ಸೀರೆ ಉಟ್ಕೊಂಡೇ ಹೋಗ್ಬಹುದಲ್ಲಾ?’ ಗುರುವಾರಕ್ಕೆ ಚೀಟಿ ಮಾಡಿಸಿದ್ದೇವೆ.