ವಾಷಿಂಗ್ಟನ್ ಚರಿತ್ರೆ ಪುರಾಣವಾಗದಂತೆ ಬರೆಯುವ ಕ್ರಮ

ಕಲಬುರಗಿ, ಬೀದರ, ಯಾದಗಿರಿ ಕಡೆ ಶ್ರಾವಣ ಬಂತೆಂದರೆ ಮಠಗಳಲ್ಲಿ ಪುರಾಣ ಶುರುವಾಗುತ್ತದೆ. ಮಹಾತ್ಮರ ಬದುಕನ್ನು ತಿಂಗಳಗಟ್ಟಲೆ ಕೂತು ಕೇಳುವ ತಾಳ್ಮೆ ನಮ್ಮ ಜನಕ್ಕಿದೆ. ಚರಿತ್ರೆ ಬರೆಯುವವರಿಗೆ ಇದು ದೊಡ್ಡ ಆಸರೆ. ಅಪಾಯವೂ ಇಲ್ಲೇ ಇದೆ, ಯಾಕೆಂದರೆ ದೇಶ ಕಟ್ಟಿದ ನಾಯಕನ ಬಗ್ಗೆ ಬರೆಯಲು ಕೂತರೆ ಕೈ ತಾನಾಗಿ ಪವಾಡದ ಕಡೆ ಹೊರಳುತ್ತದೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಸ್ವಭಾವವನ್ನು ಶೋಧಿಸುವ ಒಂದು ಪುಸ್ತಕವನ್ನು ಕನ್ನಡದಲ್ಲಿ ಬರೆಯುವುದು ಹೇಗೆ ಎಂಬುದಕ್ಕೆ ಈ ಬರಹ. ಅಳತೆ ಡೆಮಿ 1/8, 150 ಪುಟ, ಸುಮಾರು 35,000 ಪದ ಎಂದು ಇಟ್ಟುಕೊಳ್ಳಿ.

ಓದಲು ಶುರುಮಾಡುವ ಮೊದಲೇ ಒಂದು ಪ್ರಶ್ನೆ ಗಟ್ಟಿ ಮಾಡಿಕೊಳ್ಳಬೇಕು. ‘ವಾಷಿಂಗ್ಟನ್ ಎಂಥ ಮನುಷ್ಯ?’ ಎಂದು ಕೇಳಿಕೊಂಡರೆ ಉತ್ತರವಾಗಿ ಬರುವುದು ಧೀರ, ಸತ್ಯವಂತ, ತ್ಯಾಗಿ ಎಂಬ ವಿಶೇಷಣಗಳು ಮಾತ್ರ. ಹೀಗೆ ಕೇಳಿ: 1783ರಲ್ಲಿ ಸೇನಾಧಿಕಾರವನ್ನೂ 1797ರಲ್ಲಿ ಅಧ್ಯಕ್ಷ ಪದವಿಯನ್ನೂ ತಾವಾಗಿ ಬಿಟ್ಟುಕೊಟ್ಟವರು, ತಮ್ಮ ಹೊಲದಲ್ಲಿ ದುಡಿಯುತ್ತಿದ್ದ ಗುಲಾಮರನ್ನು ಬದುಕಿರುವವರೆಗೂ ಯಾಕೆ ಬಿಡಲಿಲ್ಲ? ಈ ಪ್ರಶ್ನೆಗೆ ಸಂಬಂಧವಿಲ್ಲದ ಯುದ್ಧ, ಸಭೆ, ಔತಣಗಳನ್ನು ಎರಡು ಸಾಲಿನಲ್ಲಿ ದಾಟಿಸಬಹುದು.

ಆಮೇಲೆ 200 ಪುಟದ ಉದ್ದನೆಯ ರಿಜಿಸ್ಟರ್ ತನ್ನಿ. ಹುಟ್ಟಿದ 1732ರಿಂದ 1801ರವರೆಗೆ 70 ವರ್ಷ. ವರ್ಷಕ್ಕೆ ಎದುರುಬದುರು ಎರಡು ಪುಟದಂತೆ 140 ಪುಟ. ಎಡಕ್ಕೆ ರಾಜ್ಯದ ಸಂಗತಿ, ಬಲಕ್ಕೆ ಮನೆ-ಹೊಲದ ಸಂಗತಿ. ಉಳಿದ 60 ಪುಟದಲ್ಲಿ ಹೆಸರುಗಳ ಪಟ್ಟಿ ಮತ್ತು ಆಧಾರದ ವಿವರ. ಹೆಚ್ಚಿನವರು ಎಡಪುಟವನ್ನಷ್ಟೇ ತುಂಬಿ ಬಲಪುಟ ಖಾಲಿ ಬಿಡುತ್ತಾರೆ. ಪುಸ್ತಕ ಸಪ್ಪೆಯಾಗುವುದು ಅಲ್ಲೇ. 1743ರ ಸಾಲು ನೋಡಿ: ತಂದೆ ತೀರಿಕೊಂಡರು, ಹನ್ನೊಂದು ವರ್ಷದ ಹುಡುಗನ ಪಾಲಿಗೆ ಹತ್ತು ಜನ ಗುಲಾಮರು ಬಂದರು. ಬಲಪುಟದ ಈ ಒಂದು ಸಾಲಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ.

ತಾರೀಖಿನಲ್ಲಿ ಒಂದು ತೊಡಕಿದೆ. ಹಳೆ ಪಂಚಾಂಗದಲ್ಲಿ ಅವರು ಹುಟ್ಟಿದ್ದು 1731ರ ಫೆಬ್ರುವರಿ 11. 1752ರಲ್ಲಿ ಬ್ರಿಟಿಷರು ಪಂಚಾಂಗ ಬದಲಿಸಿದಾಗ ದಿನ 11 ಮುಂದೆ ಹೋಯಿತು. ಮಾರ್ಚ್ 25ಕ್ಕೆ ಶುರುವಾಗುತ್ತಿದ್ದ ವರ್ಷ ಜನವರಿ 1ಕ್ಕೆ ಶುರುವಾಯಿತು. ಹಾಗಾಗಿ ಈಗ 1732ರ ಫೆಬ್ರುವರಿ 22 ಎನ್ನುತ್ತೇವೆ. ನಿಜಾಮರ ಕಾಲದ ಕಾಗದಪತ್ರದಲ್ಲಿ ಫಸಲಿ ವರ್ಷ ಕಂಡು, ಸುಮಾರು 590 ಕೂಡಿಸಿ ಇಸವಿ ತೆಗೆಯುವ ರೂಢಿ ಇರುವ ನಮ್ಮ ಓದುಗರಿಗೆ ಇದನ್ನು ತಿಳಿಸಲು ಎರಡು ಸಾಲಿನ ಅಡಿಟಿಪ್ಪಣಿ ಸಾಕು.

ಹಿನ್ನೆಲೆಯ ಓದಿಗೆ ಗುಲಬರ್ಗಾ ವಿಶ್ವವಿದ್ಯಾಲಯದ ಅಥವಾ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೂರಬಹುದು. ಮೂಲ ಪತ್ರಗಳಿಗಾಗಿ ಅಮೆರಿಕಕ್ಕೆ ಹೋಗಬೇಕಿಲ್ಲ. ಆ ದೇಶದ ರಾಷ್ಟ್ರೀಯ ದಾಖಲೆ ಸಂಸ್ಥೆ ‘ಫೌಂಡರ್ಸ್ ಆನ್‌ಲೈನ್’ ಎಂಬ ತಾಣದಲ್ಲಿ ವಾಷಿಂಗ್ಟನ್ ಅವರ ಪತ್ರ, ದಿನಚರಿಗಳನ್ನು ಅಚ್ಚಿನ ಅಕ್ಷರದಲ್ಲಿ ಉಚಿತವಾಗಿ ಇಟ್ಟಿದೆ.

ಓದುವಾಗ ಮೂರು ಎಚ್ಚರ ಬೇಕು. ಯುದ್ಧಕಾಲದ ಅನೇಕ ಪತ್ರಗಳ ಕರಡು ಬರೆದವರು ಅಲೆಕ್ಸಾಂಡರ್ ಹ್ಯಾಮಿಲ್ಟನ್‌ರಂಥ ಸಹಾಯಕರು. ಅಂಥ ಪತ್ರದ ಧಾಟಿ ನೋಡಿ ವಾಷಿಂಗ್ಟನ್ ಸ್ವಭಾವ ಹೀಗೆ ಎಂದು ಬರೆದರೆ ಅದು ಸಹಾಯಕರ ಸ್ವಭಾವವೂ ಆಗಿರಬಹುದು. ದಿನಚರಿಯಲ್ಲಿ ಮನಸ್ಸಿನ ಮಾತಿಗಿಂತ ಹವೆ, ಬಿತ್ತನೆ, ಬಂದುಹೋದ ಅತಿಥಿಗಳ ಸುದ್ದಿಯೇ ಹೆಚ್ಚು. ಬೇಸರಪಡದೆ ಅದನ್ನೆಲ್ಲ ಬಲಪುಟಕ್ಕೆ ಹಾಕಿ. ಇನ್ನು ಗಂಡ-ಹೆಂಡತಿಯ ಪತ್ರಗಳನ್ನು ಮಾರ್ಥಾ ವಾಷಿಂಗ್ಟನ್ ಸುಟ್ಟುಹಾಕಿದರು, ಉಳಿದವು ಬೆರಳೆಣಿಕೆಯಷ್ಟು. ಅಲ್ಲಿ ಊಹೆಯ ಸಂಭಾಷಣೆ ತುಂಬಬೇಡಿ. ಸುಟ್ಟ ಸಂಗತಿಯನ್ನೇ ಬರೆದು ಮುಂದೆ ಹೋಗಿ.

ಸಿಕ್ಕ ಪ್ರತಿ ಸಂಗತಿಗೂ ಒಂದು ಚೀಟಿ. ಏನಾಯಿತು, ಯಾವಾಗ, ಹೇಳಿದವರು ಯಾರು, ಆದ ಎಷ್ಟು ವರ್ಷದ ಮೇಲೆ ಹೇಳಿದರು, ಈ ನಾಲ್ಕೂ ಅದರಲ್ಲಿರಲಿ. ನಾಲ್ಕನೆಯದೇ ಜರಡಿ. ಹುಡುಗ ವಾಷಿಂಗ್ಟನ್ ಚೆರ್ರಿ ಗಿಡ ಕಡಿದು ಅಪ್ಪನೆದುರು ನಿಜ ಒಪ್ಪಿಕೊಂಡ ಕಥೆಯನ್ನು ಮೇಸನ್ ಲಾಕ್ ವೀಮ್ಸ್ ಎಂಬ ಪಾದ್ರಿ ತಮ್ಮ ಪುಸ್ತಕದ 1806ರ ಆವೃತ್ತಿಯಲ್ಲಿ ಸೇರಿಸಿದರು. ವಾಷಿಂಗ್ಟನ್ ತೀರಿಕೊಂಡದ್ದು 1799ರಲ್ಲಿ; ಕಥೆಗೆ ಬೇರೆ ಆಧಾರವಿಲ್ಲ. ಚೀಟಿ ಇದ್ದರೆ ಇದು ಒಂದೇ ನೋಟಕ್ಕೆ ಸಿಕ್ಕಿಬೀಳುತ್ತದೆ. 1783ರ ಮಾರ್ಚ್ 15ರ ನ್ಯೂಬರ್ಗ್ ಪ್ರಸಂಗವನ್ನು ಬೇರೆ ರೀತಿ ತೂಗಬೇಕು. ಸಂಬಳ ಬಾಕಿಯಿಂದ ಕೆರಳಿದ್ದ ಅಧಿಕಾರಿಗಳ ಮುಂದೆ ಅವರು ಓದಿದ ಭಾಷಣದ ಬರಹ ಉಳಿದಿದೆ. ಆ ಸಭೆಯಲ್ಲಿ ಕನ್ನಡಕ ಹಾಕಿಕೊಂಡು, ದೇಶಸೇವೆಯಲ್ಲಿ ಕಣ್ಣು ಮಂದವಾಯಿತೆಂಬ ಅರ್ಥದ ಮಾತಾಡಿದ್ದು ಆ ಬರಹದಲ್ಲಿಲ್ಲ. ಅಲ್ಲಿದ್ದವರ ಹೇಳಿಕೆಯಿಂದ ಬಂದದ್ದು. ಪ್ರಸಂಗ ಬಿಡಬೇಕಿಲ್ಲ. ‘ಅಲ್ಲಿದ್ದವರು ಹೇಳುವಂತೆ’ ಎಂದು ಸೇರಿಸಿದರೆ ಸಾಕು.

ಇನ್ನು ಪುಸ್ತಕದ ಬೆನ್ನೆಲುಬು. ಅವರು ಬೇರೆ ದಾರಿ ಹಿಡಿಯಬಹುದಾಗಿದ್ದ ಆರು ತೀರ್ಮಾನ ಆರಿಸಿ, ಒಂದೊಂದಕ್ಕೆ 15 ಪುಟ ಕೊಡಿ. ನಡುವಿನ ಕೊಂಡಿಗೆ 60 ಪುಟ ಉಳಿಯುತ್ತದೆ. 1754ರಲ್ಲಿ ಫೋರ್ಟ್ ನೆಸೆಸಿಟಿ ಎಂಬ ಕೋಟೆಯಲ್ಲಿ ಫ್ರೆಂಚರಿಗೆ ಸೋತು, 22ನೇ ವಯಸ್ಸಿಗೆ, ತಮಗೆ ಬಾರದ ಫ್ರೆಂಚ್ ಭಾಷೆಯ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು. 1760ರ ದಶಕದಲ್ಲಿ ತಂಬಾಕು ಬಿಟ್ಟು ಗೋಧಿಗೆ ಹೊರಳಿದ್ದು: ತಂಬಾಕು ಲಂಡನ್ನಿನ ವ್ಯಾಪಾರಿಗಳ ಕೈಲಿತ್ತು, ಸಾಲ ಬೆಳೆಯುತ್ತಿತ್ತು. ಒಂದೇ ಬೆಳೆ ನಂಬಿ ದರಕ್ಕಾಗಿ ಕಾಯುವ ಸಂಕಟ ತೊಗರಿ ಬೆಳೆಯುವ ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. 1775ರಲ್ಲಿ ಸಂಬಳ ಬೇಡ, ಖರ್ಚು ಮಾತ್ರ ಕೊಡಿ ಎಂದು ಸೇನಾಪತಿಯಾದದ್ದು. 1783ರ ಡಿಸೆಂಬರ್ 23ರಂದು ಅನಾಪೊಲಿಸ್‌ನಲ್ಲಿ ಆ ಅಧಿಕಾರ ಹಿಂದಿರುಗಿಸಿದ್ದು. ಉಳಿದ ಎರಡು 1796 ಮತ್ತು 1799.

1796ರಲ್ಲಿ ನಿಧಾನಿಸಿ, ಎರಡು ಪುಟ ಎದುರುಬದುರಾಗಿ ಮಾತಾಡುವುದು ಇಲ್ಲೇ. ಆಗಿನ ರಾಜಧಾನಿ ಫಿಲಡೆಲ್ಫಿಯಾ. ಪೆನ್ಸಿಲ್ವೇನಿಯಾದ ಕಾನೂನಿನಂತೆ ಹೊರಗಿನವರು ತಂದ ಗುಲಾಮರು ಆರು ತಿಂಗಳು ಅಲ್ಲೇ ಉಳಿದರೆ ಬಿಡುಗಡೆ ಕೇಳಬಹುದಿತ್ತು. ಅವಧಿ ತುಂಬುವ ಮೊದಲೇ ವಾಷಿಂಗ್ಟನ್ ತಮ್ಮ ಗುಲಾಮರನ್ನು ರಾಜ್ಯದ ಗಡಿ ದಾಟಿಸಿ ಮರಳಿ ಕರೆಸುತ್ತಿದ್ದರು. ಮಾರ್ಥಾರ ಸೇವೆಯಲ್ಲಿದ್ದ ಓನಾ ಜಡ್ಜ್ ಮೇ ತಿಂಗಳಲ್ಲಿ ತಪ್ಪಿಸಿಕೊಂಡು ನ್ಯೂ ಹ್ಯಾಂಪ್‌ಶೈರ್‌ ಸೇರಿದರು. ಅವರನ್ನು ಹಿಡಿದು ತರಿಸುವ ಬಗ್ಗೆ ವಾಷಿಂಗ್ಟನ್ ಖಜಾನೆ ಕಾರ್ಯದರ್ಶಿಗೆ ಪತ್ರ ಬರೆದದ್ದು ಸೆಪ್ಟೆಂಬರ್ 1ರಂದು. ಮತ್ತೆ ಅಧ್ಯಕ್ಷನಾಗಲಾರೆ ಎಂಬ ಅವರ ವಿದಾಯ ಭಾಷಣ ಪತ್ರಿಕೆಯಲ್ಲಿ ಅಚ್ಚಾದದ್ದು ಅದೇ ಸೆಪ್ಟೆಂಬರ್ 19ರಂದು. ಎರಡನ್ನೂ ಒಂದೇ ಅಧ್ಯಾಯದಲ್ಲಿಡಿ. ಮೊದಲನೆಯದನ್ನು ಬಿಟ್ಟರೆ ಪುರಾಣ, ಎರಡನೆಯದನ್ನು ಬಿಟ್ಟರೆ ಬರೀ ದೋಷಾರೋಪ. ‘ಆದರೂ ಅವರು ದೊಡ್ಡವರು’ ಎಂಬ ಸಮಾಧಾನದ ಸಾಲು ಹಾಕುವ ಆಸೆ ಇಲ್ಲಿ ಬಂದೇ ಬರುತ್ತದೆ. ಹಾಕಬೇಡಿ.

ಕನ್ನಡದಲ್ಲಿ ಬರೆಯುವಾಗ ಕ್ರಿಯಾಪದವೂ ಪಕ್ಷ ವಹಿಸುತ್ತದೆ. ನಾಯಕ ‘ಬಂದರು’, ಗುಲಾಮ ಹೆಣ್ಣುಮಗಳು ‘ಓಡಿಹೋದಳು’ ಎಂದು ನಮಗರಿವಿಲ್ಲದೆ ಬರೆದುಬಿಡುತ್ತೇವೆ. ಏಕವಚನವೋ ಬಹುವಚನವೋ, ಮೊದಲೇ ತೀರ್ಮಾನಿಸಿ ದೊಡ್ಡವರಾದ ಎಲ್ಲರಿಗೂ ಒಂದೇ ಹಾಕಿ. ಚಿಕ್ಕ ವಯಸ್ಸಿನ ಭಾಗಕ್ಕೆ ಮಾತ್ರ ಏಕವಚನ ಇರಲಿ. ಕರಡು ಮುಗಿದ ಮೇಲೆ ಇದೊಂದನ್ನೇ ಹುಡುಕುತ್ತ ಒಮ್ಮೆ ಪೂರ್ತಿ ಓದಬೇಕು.

ಕೊನೆಯ ಅಧ್ಯಾಯವನ್ನು 1799ರ ಡಿಸೆಂಬರ್ 14ರ ಸಾವಿಗೆ ನಿಲ್ಲಿಸಬೇಡಿ. ಆ ವರ್ಷ ಜುಲೈಯಲ್ಲಿ ಬರೆದ ಉಯಿಲನ್ನು ಬಿಡಿಸಿ ಹೇಳಿ. ಅವರ ಮನೆ-ಹೊಲವಿದ್ದ ಮೌಂಟ್ ವರ್ನನ್‌ನಲ್ಲಿದ್ದ 317 ಗುಲಾಮರಲ್ಲಿ ಅವರ ಸ್ವಂತದವರು 123. ಮಾರ್ಥಾರ ಮೊದಲ ಗಂಡನ ಆಸ್ತಿಗೆ ಸೇರಿದವರು 153. ಅವರನ್ನು ಬಿಡುವ ಹಕ್ಕು ಇಬ್ಬರಿಗೂ ಇರಲಿಲ್ಲ. ಉಳಿದವರು ಬಾಡಿಗೆಗೆ ತಂದವರು. ಉಯಿಲಿನಂತೆ ಅವರ ಆಪ್ತ ಸೇವಕ ವಿಲಿಯಂ ಲೀ ಒಬ್ಬರಿಗೆ ತಕ್ಷಣ ಬಿಡುಗಡೆ, ಸ್ವಂತದವರಲ್ಲಿ ಮಿಕ್ಕವರಿಗೆ ಮಾರ್ಥಾರ ಸಾವಿನ ನಂತರ. ಮಾರ್ಥಾ ಅಷ್ಟು ಕಾಯಿಸದೆ 1801ರ ಜನವರಿ 1ರಂದೇ ಬಿಟ್ಟರು. ರಿಜಿಸ್ಟರ್ ಅಲ್ಲಿಯವರೆಗೆ ಬೇಕೆಂದದ್ದು ಇದಕ್ಕೇ. ‘ಎಲ್ಲ ಗುಲಾಮರನ್ನೂ ಬಿಡುಗಡೆ ಮಾಡಿದರು’ ಎಂದು ಬರೆದರೆ ತಪ್ಪು, ‘ಯಾರನ್ನೂ ಬಿಡಲಿಲ್ಲ’ ಎಂದರೂ ತಪ್ಪು.

ಅಚ್ಚಿಗೆ ಕೊಡುವ ಮೊದಲು ಒಂದು ಕೆಲಸ. ‘ನುಡಿ’ ತಂತ್ರಾಂಶದ ಹಳೆ ಅಕ್ಷರದಲ್ಲಿ ಟೈಪಾದದ್ದನ್ನು ಯೂನಿಕೋಡ್‌ಗೆ ಬದಲಿಸಿದಾಗ ಅರ್ಕಾವತ್ತು, ಒತ್ತಕ್ಷರ ಪಲ್ಲಟವಾಗುವುದುಂಟು. ‘ವಾಷಿಂಗ್ಟನ್’, ‘ಹ್ಯಾಂಪ್‌ಶೈರ್’ನಂಥ ಹೆಸರುಗಳಲ್ಲಿ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ಹೆಸರು ಮತ್ತು ಇಸವಿಗಳನ್ನು ಇಬ್ಬರು ಕೂತು, ಒಬ್ಬರು ರಿಜಿಸ್ಟರ್ ಓದಿ ಇನ್ನೊಬ್ಬರು ಪ್ರೂಫ್ ನೋಡಿ, ಒಂದೊಂದಾಗಿ ಗುರುತು ಹಾಕಿ.